ಆಸ್ಗರನ ಹಾವುಮೀನು

ಟಿವಿಯಲ್ಲಿ ತನ್ನ ಕೈಗಳೇ ತೊದಲುವುದನ್ನು ನೋಡಲಾರದೆ ಆಸ್ಗರ್ ದಡಕ್ಕನೆ ಎದ್ದು ಅದನ್ನು ಆರಿಸಿಬಿಟ್ಟ.

"ನೋಡಿದ್ಯಾ? ಆಗ್ಲೇ ಶುರುವಾಗಿತ್ತು," ಎಂದು ಹೆಂಡತಿ ಬೋದಿಲ್‌ಗೆ ಕೈಸನ್ನೆಯಲ್ಲಿ ಹೇಳಿದ. ಹೇಳುವ ಕೈಗಳೂ ನಡುಗುತ್ತಿದ್ದವು. "ನೀವೆಲ್ಲ ನೋಡಿಯೂ ನೋಡದ ಹಾಗೆ ಇದ್ರಿ. ಈ ಡಿವಿಡಿ ಸಂಘಕ್ಕೆ ಬೇಡ, ಕಸಕ್ಕೆ ಹಾಕು."

ಗಂಡಹೆಂಡಿರಿಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು. ಡೆನ್ಮಾರ್ಕಿನ ಓಡೆನ್ಸ್ ಊರಿನ ಕಿವುಡರ ಸಂಘದಲ್ಲಿ ಕಥೆ ಎಂದರೆ ಆಸ್ಗರನ ಕೈಗಳೇ. ಅದರಲ್ಲೂ ಪಾದ್ರಿಯ ಹಾವುಮೀನು ಇಗರ್ಜಿಯೊಳಗೆ ತಪ್ಪಿಸಿಕೊಂಡ ಕಥೆ! ಹೋದ ಚಳಿಗಾಲದಲ್ಲಿ ನಡುಕದ ಕಾಯಿಲೆ ಬಂದಿತು. ಅಂದಿನಿಂದ ಅವನು ಕಥೆ ಹೇಳಿಲ್ಲ. ಕೈ ನೆಟ್ಟಗಿದ್ದ ಕಾಲದ ಒಂದೇ ಒಂದು ಟೇಪನ್ನು ಹುಡುಕಿ, ಕಂಪ್ಯೂಟರಿಗೆ ಇಳಿಸಿ, ಇವತ್ತಿನ ಕಾಫಿಕೂಟಕ್ಕೆಂದು ಅವಳು ಡಿವಿಡಿ ಮಾಡಿದ್ದಳು. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಇದ್ದದ್ದು ಟಿವಿಗೆ ಬಂದೊಡನೆ ಹೀಗಾಗಿತ್ತು.

ಅವಳು ಟಿವಿಯನ್ನು ಮತ್ತೆ ಹಚ್ಚಿದಳು. ಗಂಡನ ಭುಜ ಹಿಡಿದು ತಿರುಗಿಸಿ, "ಟಿವಿಯಲ್ಲಿ ನಿನ್ನ ಹಿಂದೆ ಹೋಗ್ತಿರೋ ಬೆಕ್ಕನ್ನ ನೋಡು," ಎಂದಳು.

ಬೆಕ್ಕು ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಎಂದು ಜರ್ಕು ಹೊಡೆಯುತ್ತ ನಡೆಯುತ್ತಿತ್ತು.

"ಅದಕ್ಕೂ ನಿನ್ನ ಕಾಯಿಲೆ ಅಂಟಿತೇನೋ ಮಾರಾಯ?"

ಬೋದಿಲ್ ಕಂಪ್ಯೂಟರಿನ ಮುಂದೆ ಕೂತಳು. ಹಳೆಯ ಕ್ಯಾಮೆರಾ ಪ್ರತಿಯೊಂದು ಚಿತ್ರವನ್ನೂ ಎರಡು ಅರ್ಧಗಳಾಗಿ ಹಿಡಿಯುತ್ತದೆ, ಗೆರೆ ಬಿಟ್ಟು ಗೆರೆ. ಮೊದಲು ಹಿಡಿದ ಅರ್ಧವನ್ನೇ ಟಿವಿಯೂ ಮೊದಲು ತೋರಿಸಬೇಕು; ಕಂಪ್ಯೂಟರು ಎರಡನ್ನೂ ಒಟ್ಟಿಗೇ ತೋರಿಸುವುದರಿಂದ ಅಲ್ಲಿ ತಪ್ಪು ಕಂಡಿರಲಿಲ್ಲ. ಡಿವಿಡಿ ಮಾಡುವಾಗ ತಾನು ಆರಿಸಿದ ಕ್ರಮ ತಿರುವುಮುರುವಾಗಿತ್ತು! ಅಲುಗದ ಗೋಡೆಗೆ ಏನೂ ಆಗಿರಲಿಲ್ಲ, ಅಲುಗುವುದೆಲ್ಲ ಹಿಂದುಮುಂದಾಗಿತ್ತು. ತನ್ನ ತಲೆಗೆ ತಾನೇ ಮೊಟಕಿಕೊಂಡು, ಕ್ರಮವನ್ನು ಬದಲಾಯಿಸಿ ಹೊಸ ಡಿವಿಡಿ ಮಾಡಿದಳು.

"ನನ್ನ ಹಾವುಮೀನು ಕಪ್ಪೆ ಥರ ಕುಪ್ಪಳಿಸ್ತಿತ್ತು ಕಣೇ," ಎಂದ ಆಸ್ಗರ್, ಬಾಗಿಲಲ್ಲಿ ನಿಂತು.

"ಈಗ ಈಜುತ್ತೆ. ಕೋಟು ಹಾಕ್ಕೋ, ಹೊರಡು."

ಸಂಘದ ಕೋಣೆ ತುಂಬಿತ್ತು. ಆಸ್ಗರ್ ಕೊನೆಯ ಸಾಲಿನಲ್ಲಿ ಕೋಟಿನ ಜೇಬಿಗೆ ಕೈ ತುರುಕಿಕೊಂಡು ಕೂತ. ಬೋದಿಲ್ ಡಿವಿಡಿ ಹಾಕಿ ಗುಂಡಿ ಒತ್ತಿದಳು. ಪರದೆಯ ಮೇಲೆ, ಆಸ್ಗರನ ಕೈಗಳಲ್ಲಿ, ಪಾದ್ರಿಯ ಹಿಡಿತದಿಂದ ಹಾವುಮೀನು ಜಾರಿತು. ಎಣ್ಣೆ ಸುರಿದಷ್ಟು ನಯವಾಗಿ ಬೆಂಚುಗಳ ಕೆಳಗೆ ನುಸುಳಿತು, ಸುತ್ತಿತು, ಆರ್ಗನ್ ನುಡಿಸುವ ಹೆಂಗಸಿನ ಲಂಗದೊಳಗೆ ಹೊಕ್ಕಿತು! ಒಂದು ಬೆರಳೂ ಎಡವಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನೆಲಕ್ಕೆ ಕಾಲು ಬಡಿದ ರಭಸಕ್ಕೆ ಕಾಫಿ ಬಟ್ಟಲುಗಳು ಕುಣಿದವು. ಬೋದಿಲ್‌ಗೆ ಗೆದ್ದೆ ಎನಿಸಿ ಕಣ್ಣು ತುಂಬಿ ಬಂದಿತು.

ಕಥೆ ಮುಗಿದದ್ದೇ ತಡ, ಎಲ್ಲರೂ ಎದ್ದು ಆಸ್ಗರನ ಕಡೆ ತಿರುಗಿ ಎರಡೂ ಕೈಗಳನ್ನು ಮೇಲೆತ್ತಿ ಬೆರಳು ಬಿಡಿಸಿ ಅಲ್ಲಾಡಿಸತೊಡಗಿದರು. ಕಿವಿ ಕೇಳದವರ ಚಪ್ಪಾಳೆಯೇ ಅದು. ಆಸ್ಗರ್ ನಿಧಾನವಾಗಿ ಜೇಬಿನಿಂದ ಕೈಗಳನ್ನು ತೆಗೆದು ತಾನೂ ಮೇಲೆತ್ತಿದ.

ಆ ಕೋಣೆಯಲ್ಲಿ ಆಗ ನಡುಗದ ಕೈ ಒಂದೂ ಇರಲಿಲ್ಲ.