ಇಲಿಸೋನಿಯ ಎಡಗಾಲು

ಎಡ ಹಿಮ್ಮಡಿಯ ಬಿರುಕಿನಲ್ಲಿ ಹಸಿ ಮರಳಿತ್ತು.

ಕೆಲೇರಾ ಅದನ್ನು ಒರೆಸಿದಳು. ಫಿಸಿಯೋಥೆರಪಿಸ್ಟ್ ಆಗಿ ದ್ವೀಪದ ಪಟ್ಟಣ ಲೆವುಕಾದ ಮನೆಮನೆಗೆ ಹೋಗಿ ರೋಗಿಗಳನ್ನು ನಡೆಸುವುದು ಅವಳ ಕೆಲಸ; ಹಿರಿಯರನ್ನೆಲ್ಲ ಮಾವ, ಅತ್ತೆ ಎಂದೇ ಕರೆಯುತ್ತಿದ್ದಳು. ಪಾರ್ಶ್ವವಾಯು ಬಡಿದು ವರ್ಷವಾಗುತ್ತ ಬಂದ ಈ ಇಲಿಸೋನಿ ಕೋಣೆ ದಾಟಲಾರ ಎಂದು ಅವನ ಹೆಂಡತಿ ಉನೈಸಿ ಹೇಳುತ್ತಿದ್ದಳು. ಮರಳು ಮಾತ್ರ ಮನೆ ಹಿಂದಿನ ಕಡಲ ದಂಡೆಯದು.

“ಏಳಿ ಮಾವ. ಹಿಮ್ಮಡಿ ಮೊದಲು ಊರಿ, ಆಮೇಲೆ ಬೆರಳು.”

ಅವನು ವಾಕರ್ ಹಿಡಿದು ಎದ್ದ. ಸ್ವಲ್ಪ ದೂರ ಬಂದು ಎಂದಿನಂತೆ ವಾಲಿದ. ಉನೈಸಿ ಅವನ ಕಂಕುಳಿಗೆ ಭುಜ ಕೊಟ್ಟು, ಹಲ್ಲು ಕಚ್ಚಿ, ಆ ಭಾರವನ್ನೆಲ್ಲ ಕುರ್ಚಿಗೆ ಸಾಗಿಸಿದಳು. ಆಮೇಲೆ ಗೋಡೆಗೆ ಕೈಯಿಟ್ಟು ನಿಂತಳು. ಸೊಂಟ ನೆಟ್ಟಗಾಗಲು ಬಹಳ ಹೊತ್ತು ಹಿಡಿಯಿತು. ವಯಸ್ಸಾದ ಹೆಂಗಸು. ಸ್ನಾನಕ್ಕೆ, ಶೌಚಕ್ಕೆ, ಹಾಸಿಗೆಗೆ ಅವನನ್ನು ಎತ್ತುವವಳು ಅವಳೊಬ್ಬಳೇ.

ಕೆಲೇರಾಗೆ ಅನುಮಾನ ಗಟ್ಟಿಯಾಯಿತು. ಬತ್ತಿಹೋಗಿದ್ದ ಅವನ ಮೀನಖಂಡ ಮತ್ತೆ ತುಂಬಿಕೊಂಡಿತ್ತು. ಅಂಗಾಲು ಒರಟಾಗಿತ್ತು. ಅವನು ಬಿದ್ದರೆ ಬೀಳುತ್ತಿದ್ದುದು ಹೆಂಡತಿ ನಿಂತ ಕಡೆಗೇ.

ಮರುದಿನ, ಉನೈಸಿ ಕೆಸುವಿನ ಗೆಡ್ಡೆ ಮಾರಲು ಮಾರುಕಟ್ಟೆಗೆ ಹೋದ ಹೊತ್ತು ನೋಡಿಕೊಂಡು ಕೆಲೇರಾ ಬಂದಳು. ಕುರ್ಚಿ ಖಾಲಿಯಿತ್ತು. ಇಲಿಸೋನಿ ಹಿತ್ತಲಾಚೆಯ ಮರಳಿನಲ್ಲಿ, ವಾಕರ್ ಇಲ್ಲದೆ, ಎಡಗಾಲು ತುಸು ಎಳೆಯುತ್ತ ನಡೆಯುತ್ತಿದ್ದ.

ಅವಳನ್ನು ಕಂಡು ಅವನು ವಾದಿಸಲಿಲ್ಲ. ಬಂಡೆಯ ಮೇಲೆ ಕೂತು ಎಲ್ಲ ಹೇಳಿದ. ವರ್ಷಗಟ್ಟಲೆ ಅವನ ಸಂಜೆಗಳೆಲ್ಲ ಗೆಳೆಯರ ಜೊತೆ ಯಂಗೋನ ಎಂಬ ಮಂಪರು ತರುವ ಬೇರಿನ ಪಾನೀಯ ಕುಡಿಯುವುದರಲ್ಲೇ ಕಳೆದಿದ್ದವು. ಮನೆ ಬರೀ ಮಲಗುವ ಜಾಗವಾಗಿತ್ತು. ಬೇಸತ್ತ ಉನೈಸಿ ಅವನನ್ನು ಬಿಟ್ಟು ಕಡಲಾಚೆಯ ಲೌಟೋಕಾದ ಅಕ್ಕನ ಮನೆಗೆ ಹೊರಟಿದ್ದಳು. ದೋಣಿ ಹತ್ತಬೇಕಿದ್ದ ಬೆಳಿಗ್ಗೆಯೇ ಅವನು ಕುಸಿದುಬಿದ್ದ. ಅವಳು ಉಳಿದಳು. ಆದರೆ ಅವನ ಬಂಧುಗಳನ್ನೆಲ್ಲ ಕೂರಿಸಿ, ಇವನು ತನ್ನ ಕಾಲ ಮೇಲೆ ನಡೆದ ದಿನವೇ ಹೊರಡುತ್ತೇನೆ ಎಂದು ಮಾತು ಕೊಟ್ಟಿದ್ದಳು.

“ಈಗ ನೀನೇ ಹೇಳು, ನಾನು ಹೇಗೆ ನಡೀಲಿ?”

“ಅತ್ತೆ ಸೊಂಟ ಮುರೀತಿದೆ, ಮಾವ.”

ಅವನು ಕಡಲ ಕಡೆ ಮುಖ ತಿರುಗಿಸಿದ. ಉನೈಸಿಗೆ ತಿಳಿಸಬೇಡ ಎಂದು ಬೇಡಿಕೊಂಡ.

ಕೆಲೇರಾಗೆ ಕನಿಕರ ಬಂತು. ಆದರೆ ಎತ್ತಿ ಎತ್ತಿ ಸವೆಯುತ್ತಿದ್ದವಳು ಉನೈಸಿ. ಇಂಥದೊಂದು ಮೋಸವನ್ನು ಬಚ್ಚಿಟ್ಟು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲು ಕೆಲೇರಾಳಿಂದ ಆಗುತ್ತಿರಲಿಲ್ಲ.

ಮಾರುಕಟ್ಟೆಯಲ್ಲಿ ಉನೈಸಿ ಚಾಪೆಯ ಮೇಲೆ ಕೂತು ಸೊಂಟ ನೀವಿಕೊಳ್ಳುತ್ತಿದ್ದಳು. ಕೆಲೇರಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಂಡದ್ದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿದಳು. ಅಳು ಬರಬಹುದು, ಬೈಗುಳ ಬರಬಹುದು ಎಂದು ಕಾದಳು. ಉನೈಸಿ ಗೆಡ್ಡೆಗಳ ಕಂತೆ ಕಟ್ಟಿ ಮುಗಿಸಿ, ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಬೇರೆ ಯಾರಾದ್ರೂ ನೋಡಿದ್ರಾ?”

“ಇಲ್ಲ ಅತ್ತೆ. ನಾನೊಬ್ಬಳೇ.”

“ಹಾಗಿದ್ರೆ ನೀನೂ ನೋಡಿಲ್ಲ ಅಂತಿಟ್ಕೋ, ಮಗಳೇ. ಅವ್ರು ನಡೀತಾರೆ ಅಂತ ನಂಗೆ ಯಾವತ್ತೋ ಗೊತ್ತು. ಜನಕ್ಕೆ ಗೊತ್ತಾದ್ರೆ, ಕೊಟ್ಟ ಮಾತಿಗೆ ನಾನು ಹೋಗ್ಲೇಬೇಕಾಗುತ್ತಲ್ಲ.”