ಕಂಬಳಿ ಹೊದ್ದ ಕಂಬ

ಕೃಷ್ಣೆಯ ನಡುಗಡ್ಡೆಗಳಲ್ಲಿ ಸರಕಾರ ನಿಲ್ಲಿಸಿದ್ದ ಕಂಬಗಳು ಊರವರ ಮನಸ್ಸನ್ನು ಅಳೆಯುತ್ತಿದ್ದವು. ಯಾರ ಮನಸ್ಸು ಕುಸಿದರೂ ಕಂಬದ ದೀಪ ಕೆಂಪಾಗುತ್ತಿತ್ತು. ಕೆಂಪು ಕಂಡರಷ್ಟೇ ಡಾಕ್ಟರ ದೋಣಿ ಆ ದಡಕ್ಕೆ ತಿರುಗುತ್ತಿತ್ತು. ಆದರೆ ಹೆಣ್ಣು ನೋಡಲು ಬೀಗರು ಬರುವ ದಿನ ಕಂಬಕ್ಕೆ ಕಂಬಳಿ ಹೊದಿಸುವುದು ಕರಿಗಡ್ಡೆ ಎಂಬ ನಡುಗಡ್ಡೆಯ ಪದ್ಧತಿ. ಕೆಂಪು ದೀಪದ ಊರಿನ ಹೆಣ್ಣನ್ನು ಯಾರು ತಂದುಕೊಳ್ಳುತ್ತಾರೆ?

ಇಂದು ಬೀಗರು ನೋಡಬೇಕಿದ್ದುದು ಹುಲಿಗೆಮ್ಮನನ್ನು. ಅವಳ ಅತ್ತಿಗೆ ದ್ಯಾವಮ್ಮ ಹೆತ್ತ ಮೇಲೆ ಮಾತು ಬಿಟ್ಟು, ಅನ್ನ ಬಿಟ್ಟು, ನಿನ್ನೆ ಹೊಳೆಗೆ ಇಳಿದಿದ್ದಳು. ಅಂಬಿಗರು ಎಳೆದು ತಂದಿದ್ದರು. ಡಾಕ್ಟರ ದೋಣಿ ಈಗ ಹಾದುಹೋದರೆ ಮತ್ತೆ ಬರುವುದು ಮುಂದಿನ ತಿಂಗಳು.

ದೋಣಿ ದೂರದಲ್ಲಿ ಕಂಡಿತು. ಹುಲಿಗೆಮ್ಮ ರೇಷ್ಮೆ ಸೀರೆಯಲ್ಲೇ ಅತ್ತಿಗೆಯ ಕೈ ಹಿಡಿದುಕೊಂಡು, ಕಂಬಳಿ ಹೊದಿಸಿದ್ದ ಕಂಬದ ಬಳಿ ಬಂದಳು.

“ಕಂಬಳಿ ಮುಟ್ಟಬ್ಯಾಡ! ನಿನಗ ಗಂಡ ಸಿಗಂಗಿಲ್ಲ,” ಎಂದು ಅವಳ ಕಾಕಾ ಕೂಗಿದ.

“ಕಂಬಳಿ ಹೊಚ್ಚಿದ್ರ ಸಿಗೂ ಗಂಡ ನನಗ್ಯಾಕ, ಕಾಕಾ? ಬೇಕಾದ್ರ ನೀನ ಸೀರಿ ಉಟ್ಟು ಕುಂಡ್ರು!”

ಅವಳು ಕಂಬಳಿ ಎಳೆದಳು. ದೀಪದ ಬೆಳಕಿಗೆ ಹೊಳೆಯೆಲ್ಲ ಕೆಂಪಾಯಿತು. ಬೀಗರ ಹರಿಗೋಲು ನಡುನೀರಿನಿಂದಲೇ ಹಿಂದಿರುಗಿತು. ಡಾಕ್ಟರ ದೋಣಿ ಈಚೆ ದಡಕ್ಕೆ ತಿರುಗಿತು.

ಹುಲಿಗೆಮ್ಮ ಕಂಬಳಿ ಕೊಡವಿ, ನಡುಗುತ್ತಿದ್ದ ಅತ್ತಿಗೆಗೆ ಹೊದಿಸಿದಳು. “ಕಂಬಳಿ ಇರೂದು ಇದಕ್ಕ, ಕಾಕಾ,” ಎಂದಳು.