ನಾಲ್ಕಕ್ಷರದ ಉತ್ತರ

“ಇವತ್ತೂ ತಪ್ಪು,” ಎಂದಳು ಹೆಂಡತಿ. “ಮೋಡ, ಮೂರಕ್ಷರ. ಮುಗಿಲು ಅಂತ ಕೊಟ್ಟಿದ್ದಾರೆ. ನೀವು ಕಡಲು ಅಂತ ಬರೆಸಿದ್ರಿ.”

“ನಾನು ಮುಗಿಲು ಅಂತಲೇ ಹೇಳಿದ್ದು ಕಣೇ!”

“ಹಾಗೆ ಹೇಳಿದ್ರೆ ಹಾಗೇ ಬರ್ಕೊತಿರ್ಲಿಲ್ವಾ? ಹೋಗ್ಲಿ ಬಿಡಿ. ಕಾಫಿ ಆರ್ತಾ ಇದೆ.” ದನಿಯಲ್ಲಿ ಬೇಸರದ ಸುಳಿವೇ ಇರಲಿಲ್ಲ.

ಕೆಂಪುಶಾಯಿಯವರು ಲೋಟಕ್ಕಾಗಿ ಮೇಜಿನ ಮೇಲೆ ತಡಕಾಡಿದರು. ಆ ಹೆಸರು ಅಚ್ಚುಕೂಟದವರು ಇಟ್ಟದ್ದು. ಆಯುಷ್ಯವೆಲ್ಲ ಅಲ್ಲಿ ಕರಡು ತಿದ್ದಿದವರು ಅವರು. ಅವರ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ಆಚೆ ಹೋದದ್ದಿಲ್ಲ. ಕೆಲಸ ಬಿಟ್ಟ ಮೇಲೆ ಆ ಕಣ್ಣುಗಳೇ ಕೈಕೊಟ್ಟವು. ಉಳಿದದ್ದು ಪದಗಳಷ್ಟೇ. ದಿನವೂ ಹೆಂಡತಿ ಪತ್ರಿಕೆಯ ಪದಬಂಧದ ಸುಳಿವುಗಳನ್ನು ಓದುವಳು. ಇವರು ಉತ್ತರ ಹೇಳುವರು. ಅವಳು ಚೌಕ ತುಂಬುವಳು. ಮಾರನೆಯ ದಿನದ ಪತ್ರಿಕೆಯಲ್ಲಿ ಸರಿಯುತ್ತರ ಬರುತ್ತಿತ್ತು. ಮೊದಮೊದಲು ಎಲ್ಲವೂ ತಾಳೆಯಾಗುತ್ತಿದ್ದವು. ಆಮೇಲೆ ಅಲ್ಲೊಂದು ಇಲ್ಲೊಂದು ತಪ್ಪು. ಈಗ ಸರಿಯಾದದ್ದೇ ಅಪರೂಪ.

ಮನೆಯಲ್ಲೂ ಅವರ ತಿದ್ದುಪಡಿಗೆ ಬಿಡುವಿರಲಿಲ್ಲ. ನೆಂಟರ ಎದುರು ಹೆಂಡತಿ ಬಾಯಿ ತೆರೆದರೆ, “ಹಕಾರ ನುಂಗಬೇಡ, ಮೊದಲಿಂದ ಹೇಳು,” ಎನ್ನುತ್ತಿದ್ದರು. ಅವಳು ಮೊದಲಿಂದ ಹೇಳುತ್ತಿದ್ದಳು. ಮಗಳಿಗೆ ಹುಡುಗನೊಬ್ಬ ಪ್ರೇಮಪತ್ರ ಬರೆದಾಗ, ಅದನ್ನು ಸಾಲುಸಾಲಾಗಿ ತಿದ್ದಿ, ಅಂಕ ಹಾಕಿ, ಅವನಿಗೇ ವಾಪಸು ಕಳಿಸಿದ್ದರು. ಆ ಹುಡುಗ ಮತ್ತೆ ಈ ಬೀದಿಯತ್ತ ತಲೆ ಹಾಕಲಿಲ್ಲ. ಮಗಳಿಗೆ ಮದುವೆಯೂ ಆಗಲಿಲ್ಲ. ಬಂದವರಿಗೆಲ್ಲ ಇವರು ಆ ಕಥೆ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ನೂರಕ್ಕೆ ಹನ್ನೆರಡು ಕೊಟ್ಟೆ! ಅದೂ ಜಾಸ್ತಿ!”

ಈಗ ಯಾರಾದರೂ ಬಂದರೆ ಅವರಿಗೇ ನಾಲಿಗೆ ಏಳುತ್ತಿರಲಿಲ್ಲ. ಬಾಯಿಂದ ಯಾವ ಪದ ಜಾರೀತೋ ಎಂಬ ದಿಗಿಲು.

ಒಂದು ಮಧ್ಯಾಹ್ನ ಹೆಂಡತಿ ತರಕಾರಿಗೆ ಹೋದ ಸಮಯ ನೋಡಿ ಮಗಳನ್ನು ಹತ್ತಿರ ಕರೆದರು.

“ನಿಮ್ಮಮ್ಮ ನನಗೆ ಮೋಸ ಮಾಡ್ತಿದ್ದಾಳೆ ಅನ್ನಿಸ್ತಿದೆ.”

“ಅಮ್ಮನಾ? ಅವಳ್ಯಾಕೆ ಮಾಡ್ತಾಳಪ್ಪಾ?”

ಎಷ್ಟು ಯೋಚಿಸಿದರೂ ಅವರಿಗೆ ಒಂದು ಕಾರಣವೂ ಹೊಳೆಯಲಿಲ್ಲ.

“ಇವತ್ತಿಂದು ನೀನು ಓದು. ನೀನೇ ಬರ್ಕೊ. ಅವಳಿಗೆ ತೋರಿಸ್ಬೇಡ. ನಾಳೆ ಉತ್ತರಾನೂ ನೀನೇ ಓದ್ಬೇಕು. ನೀನು ಸುಳ್ಳು ಹೇಳೋಳಲ್ಲ.”

ಮಗಳು ಓದಿದಳು. ಅವರು ಒಂದೊಂದು ಉತ್ತರವನ್ನೂ ಅಕ್ಷರ ಬಿಡಿಸಿ ಬರೆಸಿದರು. ಅವಳು ಬರೆದು, ಪುಟ ಮಡಚಿಟ್ಟುಕೊಂಡಳು.

ಬೆಳಗಾಗುವುದನ್ನೇ ಕಾದು ಕೂತಿದ್ದರು. ಹೊಸ ಪತ್ರಿಕೆ ಬಿಚ್ಚಿದ ಸದ್ದಾಯಿತು.

“ದಯೆ, ನಾಲ್ಕಕ್ಷರ,” ಎಂದಳು ಮಗಳು. “ಕನಿಕರ ಅಂತಿದೆ.”

“ಅದೇ! ನಾನೂ ಅದನ್ನೇ ಹೇಳಿದ್ದು!” ಅವರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು.

ಮಗಳು ಮಡಚಿಟ್ಟಿದ್ದ ಪುಟವನ್ನು ಕೈಗೆತ್ತಿಕೊಂಡಳು. “ಅಪ್ಪಾ, ನೀವು ಕರವಸ್ತ್ರ ಅಂದ್ರಿ.”

“ನಾನಾ?”

“ನನಗೂ ವಿಚಿತ್ರ ಅನ್ನಿಸ್ತು. ನಿಮಗೆ ಎದುರಾಡೋದು ಹೇಗೆ ಅಂತ ಬರ್ಕೊಂಡೆ. ಮಿಕ್ಕಿದ್ದೂ ಓದ್ಲಾ?”

“ಬೇಡಮ್ಮಾ.”

ಅವರು ನಿಧಾನವಾಗಿ ಕೂತರು. ಆಮೇಲೆ ಹೆಂಡತಿಯನ್ನು ಕರೆಸಿ, ಅವಳ ಕೈ ಹಿಡಿದು, ಮದುವೆಯಾದ ಮೇಲೆ ಮೊದಲ ಸಲ ತಪ್ಪೊಪ್ಪಿಕೊಂಡರು. “ನಿನ್ನ ಮೇಲೇ ಅನುಮಾನ ಪಟ್ಟೆ. ನನ್ನ ತಲೆಯೇ ಹೋಗಿದೆ. ಇನ್ಮೇಲೆ ಯಾರಾದ್ರೂ ಬಂದ್ರೆ ನಾನು ಒಳಗೇ ಇರ್ತೀನಿ. ಬಾಯಿ ಬಿಡಲ್ಲ.”

“ನಿಮಗೆ ಹೇಗೆ ಸರಿಯೋ ಹಾಗೆ,” ಎಂದು ಅವಳು ಅವರನ್ನು ಹಿಂದಿನ ಕೋಣೆಗೆ ನಡೆಸಿಕೊಂಡು ಹೋಗಿ ಮಲಗಿಸಿ, ಬಾಗಿಲೆಳೆದು ಬಂದಳು.

ಮಗಳು ನಿನ್ನೆಯ ಪುಟವನ್ನು ಬಿಚ್ಚಿ ಅಮ್ಮನ ಮುಂದೆ ಹಿಡಿದಳು. ಒಂದು ಉತ್ತರವೂ ತಪ್ಪಿರಲಿಲ್ಲ. ದಯೆಯ ನಾಲ್ಕು ಚೌಕಗಳಲ್ಲಿ ಅವಳೇ ತನ್ನ ಕೈಯಾರೆ, ದುಂಡಗೆ ಬರೆದಿದ್ದಳು: ಕನಿಕರ.